ಆ ಎರಡನೆಯ ಗಂಟೆ
ಸಂಸಾರ, ನೌಕರಿಗಳ ನಡುವೆ ಮತ್ತೆ ಪುಸ್ತಕ ಹಿಡಿದವರು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಮಕ್ಕಳನ್ನು ತಿದ್ದುವುದಕ್ಕೆಂದು ಹುಟ್ಟಿದ ಈ ಮಾತು ದೊಡ್ಡವರ ವಿದ್ಯಾಭ್ಯಾಸಕ್ಕೂ ಅಡ್ಡಬಂದು ನಿಂತಿರುವುದು ವಿಚಿತ್ರ. ನಲವತ್ತರ ಪ್ರಾಯದ ಗೃಹಿಣಿಯೊಬ್ಬಳು ಪದವಿಗೆ ಅರ್ಜಿ ಹಾಕಿದಳೆಂದರೆ ಸಾಕು, “ಮಗಳನ್ನು ಓದಿಸುವ ಕಾಲದಲ್ಲಿ ತಾಯಿಗೇಕಮ್ಮ ಪರೀಕ್ಷೆ?” ಎಂದು ನೆರೆಹೊರೆ ನಗುತ್ತದೆ. ಆ ನಗೆಯನ್ನು ಎದುರಿಸಿ ಪುಸ್ತಕ ಹಿಡಿಯುವವರು ಮಾತ್ರ ಊರೂರಿನಲ್ಲಿಯೂ ಇದ್ದಾರೆ. ದಾವಣಗೆರೆ ಮತ್ತು ಹರಿಹರಗಳಂಥ ಅವಳಿ ಊರುಗಳಲ್ಲಿ ಅವರಿಗೆ ಅನುಕೂಲಗಳೂ ಹೆಚ್ಚು, ಅಡಚಣೆಗಳೂ ಹೆಚ್ಚು.

ಒಂದು ಕಾಲಕ್ಕೆ ಈ ಸೀಮೆಯ ದಿನಚರಿಯನ್ನು ನಿರ್ಣಯಿಸುತ್ತಿದ್ದುದು ಗಿರಣಿಯ ಕೂಗು. ದಾವಣಗೆರೆಗೆ ಹತ್ತಿಯ ಗಿರಣಿಗಳು ಹೆಸರು ತಂದವು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಲ್ಲೆಲ್ಲ ಪ್ರಸಿದ್ಧವಾದವು. ಆ ಗಿರಣಿಗಳ ಬಹುಪಾಲು ಒಂದೊಂದಾಗಿ ಬಾಗಿಲು ಹಾಕಿತು. ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ಇತ್ತ ವಿದ್ಯಾಸಂಸ್ಥೆಗಳು ಬೆಳೆಯುತ್ತಲೇ ಬಂದವು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. ಕುವೆಂಪು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ತೋಳಹುಣಸೆಯ ಶಿವಗಂಗೋತ್ರಿಯೇ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಗಿರಣಿಯ ಊರು ಕಾಲೇಜಿನ ಊರಾಯಿತು. ಕೈಕಸುಬೊಂದನ್ನೇ ನಂಬಿದ್ದ ಮನೆಗಳಿಗೆ ಪದವಿಯ ಬೆಲೆ ಏನೆಂಬುದು ಅರಿವಾದದ್ದೂ ಈ ಬದಲಾವಣೆಯಿಂದಲೇ.

ಹೀಗೆ ತಡವಾಗಿ ಓದಲು ಬರುವವರು ಯಾರು? ಪಿ.ಯು.ಸಿ. ಮುಗಿಯುವ ಮೊದಲೇ ಕೊರಳಿಗೆ ತಾಳಿ ಬಿದ್ದು, ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಉಸಿರಾಡಲು ಬಿಡುವಾದ ಗೃಹಿಣಿ, ಪದವಿಯಿಲ್ಲದ ಕಾರಣಕ್ಕೆ ಬಡ್ತಿ ತಪ್ಪಿದ ಗುಮಾಸ್ತ, ಪದವಿಯನ್ನೂ ಬಿ.ಎಡ್. ಅನ್ನೂ ಪಡೆದು ಹೈಸ್ಕೂಲಿಗೆ ಹೋಗಬೇಕೆಂಬ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಂದೆ ತೀರಿಕೊಂಡಾಗ ತಮ್ಮತಂಗಿಯರಿಗಾಗಿ ಓದು ಬಿಟ್ಟು ಅಂಗಡಿಯಲ್ಲಿ ಕುಳಿತ ಹಿರಿಯ ಮಗ. ಕೆಲವರಿಗೆ ಅದು ಅನ್ನದ ಪ್ರಶ್ನೆ. ಇನ್ನು ಕೆಲವರಿಗೆ ಬಹುದಿನದ ಮನದ ಕೊರಗು.

ಇದು ಹೊಸದೇನೂ ಅಲ್ಲ. ವರಕವಿ ದ.ರಾ. ಬೇಂದ್ರೆಯವರು ಬಿ.ಎ. ಮುಗಿಸಿದ್ದು 1918ರಲ್ಲಿ, ಎಂ.ಎ. ಪಡೆದದ್ದು 1935ರಲ್ಲಿ. ಈ ಎರಡರ ನಡುವಣ ಹದಿನೇಳು ವರ್ಷಗಳಲ್ಲಿ ಅವರ ಪಾಲಿಗೆ ಸಂಸಾರವಿತ್ತು, ಶಾಲೆಯ ಉಪಾಧ್ಯಾಯ ವೃತ್ತಿಯಿತ್ತು, ಕವಿತೆಯೊಂದಕ್ಕಾಗಿ ಅನುಭವಿಸಿದ ಸೆರೆವಾಸವೂ ಇತ್ತು. ಕವಿಯೆಂದು ನಾಡೆಲ್ಲ ಹೆಸರಾಗಿದ್ದವರು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ಪದವಿಗಾಗಿ ಓದಿದರು. ಒಂಬತ್ತು ವರ್ಷಗಳ ಬಳಿಕ, 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾದರು. ಮರ ಬಗ್ಗದು ಎನ್ನುವವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು.

ಕಾಲೇಜಿಗೆ ದಿನವೂ ಹೋಗಿ ಹಾಜರಿ ತುಂಬಿಸುವುದು ಸಂಸಾರಸ್ಥರಿಗೆ ಸಾಮಾನ್ಯವಾಗಿ ಸಾಧ್ಯವಾಗದ ಮಾತು. ಇದಕ್ಕೆ ಪರಿಹಾರವಾಗಿ ಬಂದದ್ದು ಅಂಚೆಯ ಮೂಲಕ ಪಾಠ ಕಳುಹಿಸುವ ಪದ್ಧತಿ. ದೆಹಲಿ ವಿಶ್ವವಿದ್ಯಾನಿಲಯ ಇದನ್ನು 1962ರಲ್ಲಿ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣ ಸಂಸ್ಥೆ ಹುಟ್ಟಿದ್ದು 1969ರಲ್ಲಿ. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದೂ ಅದೇ ವರ್ಷ. ಮುಂದೆ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನ ಆ ಅಂಚೆ ಶಿಕ್ಷಣ ಸಂಸ್ಥೆಯಿಂದಲೇ ಬೆಳೆದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಕಾರ್ಯಾರಂಭ ಮಾಡಿದವು. ಹಾಜರಿಯ ಹಂಗಿಲ್ಲದೆ, ಊರು ಬಿಡದೆ ಓದುವ ಹಾದಿ ತೆರೆಯಿತು.

ಆದರೆ ಈ ಹಾದಿಯಲ್ಲಿಯೂ ಎಚ್ಚರ ಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2013–14ರಿಂದೀಚೆಗೆ ಮಾನ್ಯತೆ ಇಲ್ಲವೆಂದು ಸಾರಿತು. ರಾಜ್ಯದ ಹೊರಗೂ ಖಾಸಗಿ ಸಂಸ್ಥೆಗಳ ಮೂಲಕವೂ ಕೋರ್ಸು ನಡೆಸಿದುದು ಆಯೋಗದ ಮುಖ್ಯ ಆಕ್ಷೇಪವಾಗಿತ್ತು. ಮಾನ್ಯತೆ ಮರಳಿ ದೊರೆತದ್ದು 2018ರಲ್ಲಿ. ಈ ನಡುವೆ ತೊಂದರೆಗೆ ಸಿಕ್ಕಿದವರು, ಹತ್ತು ಕಡೆ ಹಣ ಉಳಿಸಿ ಶುಲ್ಕ ಕಟ್ಟಿದ ನೌಕರಸ್ಥರು ಮತ್ತು ಗೃಹಿಣಿಯರು. ಇಪ್ಪತ್ತರ ತರುಣನಿಗೆ ಎರಡು ವರ್ಷ ಹೋದರೆ ಮತ್ತೆ ಸಂಪಾದಿಸಿಕೊಂಡಾನು; ನಲವತ್ತೈದು ವರ್ಷದವರಿಗೆ ಆ ಅವಕಾಶವೆಲ್ಲಿ? ಆದುದರಿಂದ ಶುಲ್ಕ ಕಟ್ಟುವ ಮೊದಲು, ತಾವು ಸೇರುವ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳುವುದು ಅವಶ್ಯ. ಮಾನ್ಯತೆಯುಳ್ಳ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ ಕಾಲೇಜಿನ ಪದವಿಗೆ ಸಮಾನವೆಂದು ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ.

ಇಷ್ಟೆಲ್ಲ ಅನುಕೂಲಗಳಾದ ಮೇಲೆಯೂ ಉಳಿಯುವ ಸಮಸ್ಯೆ ಒಂದೇ: ವೇಳೆ. ಹರಿಹರದಲ್ಲಿ ಮನೆ, ದಾವಣಗೆರೆಯಲ್ಲಿ ಕಛೇರಿ ಇರುವ ಮಹಿಳೆಯೊಬ್ಬಳ ದಿನವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಐದಕ್ಕೆ ಎದ್ದು ನೀರು, ತಿಂಡಿ, ಮಕ್ಕಳ ಡಬ್ಬಿ, ಅತ್ತೆಯವರ ಔಷಧಿ, ಒಂಬತ್ತಕ್ಕೆ ಬಸ್ಸು. ಎರಡು ಊರುಗಳ ನಡುವಿನ ದೂರ ಹದಿನಾಲ್ಕು ಕಿಲೋಮೀಟರು ಮಾತ್ರ. ಆದರೆ ಕಾಯುವುದು, ಇಳಿದು ನಡೆಯುವುದು ಸೇರಿದರೆ ಒಂದೊಂದು ಹೊತ್ತಿಗೂ ಗಂಟೆ ಹಿಡಿಯುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಮಹಿಳೆಯರ ಬಸ್ಸಿನ ಹಣವನ್ನು ಉಳಿಸಿತು. ಬಸ್ಸಿನ ವೇಳೆಯನ್ನು ಉಳಿಸುವುದು ಅದರ ಕೈಯಲ್ಲಿರಲಿಲ್ಲ. ಸಂಜೆ ಹಿಂದಿರುಗಿ ರೊಟ್ಟಿ ತಟ್ಟಿ, ಮಕ್ಕಳ ಪಾಠ ನೋಡಿ, ಪಾತ್ರೆ ಬೆಳಗಿಟ್ಟರೆ ರಾತ್ರಿ ಹತ್ತು. ಓದಿಗೆ ದಕ್ಕುವುದು ಒಂದು ಗಂಟೆ, ಅದೂ ನಿದ್ದೆಯಿಂದ ಕದ್ದದ್ದು.

ಆ ಒಂದು ಗಂಟೆ ಸಾಲುತ್ತದೆಯೇ? ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಭ್ಯಾಸ. ಅಲ್ಲಿಯ ಮೂರು ವರ್ಷದ ಬಿ.ಎ.ಗೆ 132 ಕ್ರೆಡಿಟ್ ಗೊತ್ತುಮಾಡಿ, ಅದನ್ನು ಆರು ವರ್ಷಗಳವರೆಗೆ ಮುಗಿಸಲು ಅವಕಾಶ ಕೊಟ್ಟಿದ್ದರು. ಒಟ್ಟು 3,960 ಗಂಟೆಗಳಾದವು. ದಿನಕ್ಕೊಂದು ಗಂಟೆಯಂತೆ, ಹಬ್ಬ ಹರಿದಿನ ಜ್ವರ ನೆಗಡಿಗಳಲ್ಲಿಯೂ ಬಿಡದೆ ಆರು ವರ್ಷ ಓದಿದರೂ ಆಗುವುದು ಸುಮಾರು 2,190. ಹೆಚ್ಚುಕಡಿಮೆ ಇನ್ನೊಂದು ಗಂಟೆ ಬೇಕೇಬೇಕು. ಮೊದಲನೆಯ ಗಂಟೆಯನ್ನು ವಿದ್ಯಾರ್ಥಿ ತನ್ನ ನಿದ್ದೆಯಿಂದ ತರುತ್ತಾಳೆ. ಎರಡನೆಯದನ್ನು ಮನೆಯವರೇ ಕೊಡಬೇಕು.

ಇಲ್ಲಿಯೇ ಗಂಡಸಿನ ಓದಿಗೂ ಹೆಂಗಸಿನ ಓದಿಗೂ ಇರುವ ವ್ಯತ್ಯಾಸ ಕಾಣಿಸುವುದು. ಯಜಮಾನರು ಇಲಾಖೆಯ ಪರೀಕ್ಷೆಗೆ ಕುಳಿತರೆ ಮನೆಯಲ್ಲಿ ರೇಡಿಯೋ ಟೀವಿಗಳ ಸದ್ದಡಗುತ್ತದೆ, ಮಕ್ಕಳು ಪಿಸುಮಾತಾಡುತ್ತಾರೆ, ಬಾಗಿಲಿಗೆ ಚಹಾ ಬರುತ್ತದೆ. ಅದೇ ಮನೆಯಾಕೆ ಪುಸ್ತಕ ತೆರೆದಳೆಂದರೆ “ಅಮ್ಮಾ, ನನ್ನ ಅಂಗಿ ಎಲ್ಲಿ?” ಎಂಬ ಕೂಗು ಏಳುತ್ತದೆ. ಯಾರದೂ ಕೆಟ್ಟ ಬುದ್ಧಿಯಲ್ಲ, ಅಭ್ಯಾಸಬಲ. ಆಕೆಯ ಓದು ಬಿಡುವಿನ ವಿನೋದವೆಂದು ಮನೆ ತಿಳಿದಿರುವವರೆಗೆ ಆ ಎರಡನೆಯ ಗಂಟೆ ಸಿಗಲಾರದು. ವಿನೋದವಲ್ಲ, ಕೆಲಸವೆಂದು ಒಪ್ಪಿದ ದಿನ ದಾರಿ ತಾನಾಗಿ ತೋರುತ್ತದೆ: ಸಂಜೆಯ ಅಡಿಗೆಯಲ್ಲಿ ಪತಿಯ ಪಾಲು, ತಮ್ಮ ಡಬ್ಬಿ ತಾವೇ ತೊಳೆಯುವ ಮಕ್ಕಳು, ಭಾನುವಾರದ ನೆಂಟರಿಗೆ ಅತ್ತೆಯವರೇ ಕೊಡುವ ಸಮಾಧಾನದ ಉತ್ತರ.

ವಿದ್ಯಾರ್ಥಿಯೂ ತನ್ನ ಕಡೆಯಿಂದ ಮಾಡಬೇಕಾದುದುಂಟು. ಬಹುಕಾಲ ಲೇಖನಿ ಬಿಟ್ಟ ಕೈಗೆ ಮೂರು ಗಂಟೆ ಎಡೆಬಿಡದೆ ಬರೆಯುವುದೇ ಮೊದಲ ಕಷ್ಟ. ವಾರಕ್ಕೊಮ್ಮೆ ಗಡಿಯಾರವಿಟ್ಟು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬರೆದು ನೋಡುವುದು ಲೇಸು. ಕಂಠಪಾಠದಲ್ಲಿ ಹುಡುಗರೊಡನೆ ಸ್ಪರ್ಧಿಸಲಾಗದೆಂದು ಕುಗ್ಗಬೇಕಾದುದಿಲ್ಲ. ಸಂತೆಯ ಬೆಲೆ, ಸಾಲದ ಬಡ್ಡಿ, ಪಂಚಾಯಿತಿಯ ಚುನಾವಣೆಗಳನ್ನು ಕಣ್ಣಾರೆ ಕಂಡವರಿಗೆ ಅರ್ಥಶಾಸ್ತ್ರವೂ ರಾಜ್ಯಶಾಸ್ತ್ರವೂ ಬರಿಯ ಪುಸ್ತಕದ ಮಾತುಗಳಲ್ಲ. ಒಂದು ವಿಷಯದಲ್ಲಿ ನಪಾಸಾದರೆ ಅದೊಂದನ್ನೇ ಮತ್ತೆ ಬರೆದರಾಯಿತು.

ಹರಿಹರದಲ್ಲಿ, ಹೊಯ್ಸಳರ ಕಾಲದಲ್ಲಿ 1224ರಲ್ಲಿ ಕಟ್ಟಿದ ಹರಿಹರೇಶ್ವರನ ಗುಡಿಯಿದೆ. ಅಲ್ಲಿಯ ಮೂರ್ತಿ ಬಲಕ್ಕೆ ಹರ, ಎಡಕ್ಕೆ ಹರಿ. ಒಂದೇ ದೇಹದಲ್ಲಿ ಇಬ್ಬರೂ ಸುಖವಾಗಿ ನಿಂತಿದ್ದಾರೆ. ಅರ್ಧ ಸಂಸಾರಸ್ಥರೂ ಅರ್ಧ ವಿದ್ಯಾರ್ಥಿಗಳೂ ಆದವರಿಗೆ ಅಷ್ಟು ಸುಖ ದೊರೆಯುವುದು ಕಠಿಣವೇ. ಆದರೂ ತಾಯಿಯೂ ಮಗಳೂ ಒಂದೇ ದೀಪದ ಕೆಳಗೆ, ಒಂದೇ ಮೇಜಿನ ಎರಡು ಬದಿಗಳಲ್ಲಿ ಪುಸ್ತಕ ತೆರೆದು ಕುಳಿತ ಮನೆಯಲ್ಲಿ, ಮಗಳಿಗೆ “ಓದು, ಓದು” ಎಂದು ಹೇಳುವ ಪ್ರಮೇಯವೇ ಬರುವುದಿಲ್ಲ. ಆ ಮನೆಯಲ್ಲಿ ಪಾತ್ರೆ ಒಂದು ಗಂಟೆ ತಡವಾಗಿ ತೊಳೆದರೂ ಅಡ್ಡಿಯಿಲ್ಲ.