ಸುರಂಗವನ್ನು ಪ್ರಯೋಗಶಾಲೆಗೆ ತರುವ ವಿದ್ಯೆ

ರೈಲುಗಾಡಿಯು ಗಿರಿಗರ್ಭವನ್ನು ಹೊಕ್ಕೊಡನೆ ಕೈಯಲ್ಲಿನ ಫೋನು ಮೂಕವಾಗುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಆದರೆ ಗಾಡಿ ಇನ್ನೆಷ್ಟು ದೂರ ಸಾಗಬಹುದೆಂಬ ಅನುಜ್ಞೆಯನ್ನೇ ರೇಡಿಯೋ ಮೂಲಕ ಚಾಲಕನಿಗೆ ತಲುಪಿಸುವ ಐರೋಪ್ಯ ಪದ್ಧತಿಯಲ್ಲಿ ಅಂಥ ಮೌನವು ದೀರ್ಘವಾದರೆ ಗಾಡಿಯೇ ನಿಲ್ಲಬೇಕಾಗುತ್ತದೆಂಬುದು ಬಹುಜನರ ಗಮನಕ್ಕೆ ಬಂದಿರಲಾರದು. ಸುರಂಗದೊಳಗೆ ತರಂಗದ ವರ್ತನೆಯನ್ನು ಅಳೆದು, ಗಣಿತದಲ್ಲಿ ಹಿಡಿದು, ಬಳಿಕ ಅದನ್ನು ಮೇಜಿನ ಮೇಲಿನ ಯಂತ್ರದಲ್ಲಿ ಪುನಃ ಹುಟ್ಟಿಸುವ ವಿದ್ಯೆಯೊಂದು ಬೆಳೆದುಬಂದಿರುವುದು ಈ ಕಾರಣದಿಂದಲೇ.

ಟೊಳ್ಳು ಕೊಳವೆಯಲ್ಲಿ ವಿದ್ಯುತ್ಕಾಂತ ತರಂಗಗಳು ಸಂಚರಿಸಬಲ್ಲವೆಂದೂ, ಕೊಳವೆಯ ಗಾತ್ರಕ್ಕೆ ಮೀರಿದ ದೀರ್ಘ ತರಂಗಗಳಿಗೆ ಅಲ್ಲಿ ದಾರಿಯಿಲ್ಲವೆಂದೂ ಲಾರ್ಡ್ ರೇಲಿಯವರು 1897ರಲ್ಲಿಯೇ ಗಣಿತದಿಂದ ಸಾಧಿಸಿದ್ದರು. ಸುರಂಗದ ಗೋಡೆಯಾದರೋ ಲೋಹವಲ್ಲ. ಕಲ್ಲು ಕಾಂಕ್ರೀಟುಗಳು ತರಂಗವನ್ನು ಹೀರಿಕೊಳ್ಳುತ್ತವೆ. ಎಮ್ಸ್ಲಿ, ಲಗಾಸ್, ಸ್ಟ್ರಾಂಗ್ ಎಂಬ ಮೂವರು ಕಲ್ಲಿದ್ದಲ ಗಣಿಗಳ ಸುರಂಗಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಈ ನಷ್ಟವು ತರಂಗಾಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಸುರಂಗದ ವಿಸ್ತಾರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಎಂದರೆ, ಹೊರಬಯಲಿನಲ್ಲಿ ಬಹುದೂರ ಸಾಗುವ ದೀರ್ಘ ತರಂಗವೇ ಇಲ್ಲಿ ಬೇಗ ಬಳಲುತ್ತದೆ, ಹ್ರಸ್ವ ತರಂಗವು ಮುಂದೆ ಹೋಗುತ್ತದೆ. ಗೋಡೆಗಳ ಓರೆಕೋರೆಗಳಿಂದಾಗಿ ಆ ಹ್ರಸ್ವತೆಗೂ ಮಿತಿಯುಂಟು. ಆ ಗಣಿಗಳಿಗೆ 500ರಿಂದ 1000 ಮೆಗಾಹರ್ಟ್ಸ್ ಪ್ರಶಸ್ತವೆಂದು ಅವರು ಕಂಡರು. ಸಾಮಾನ್ಯ ಬುದ್ಧಿಗೆ ಹೀಗೆ ವಿರುದ್ಧವಾದ ಫಲವನ್ನು ಕೊಡುವ ಶಾಸ್ತ್ರವೇ ನನಗೆ ಪ್ರಿಯವಾದುದು. ಉದ್ದ ಸುರಂಗಗಳಲ್ಲಿ, ತೋಟಕ್ಕೆ ನೀರುಣಿಸುವ ತೂತುಕೊಳವೆಯಂತೆ, ಉದ್ದಕ್ಕೂ ತರಂಗವನ್ನು ಸೋರಗೊಡುವ ಸೀಳುಕೇಬಲುಗಳನ್ನು ಗೋಡೆಗೆ ಬಿಗಿಯುವುದೂ ಉಂಟು.

ಗಾಡಿಯ ವೇಗವು ಇನ್ನೊಂದು ತೊಡಕು. ಚಲನೆಯಿಂದ ಉಂಟಾಗುತ್ತದೆಂದು ಡಾಪ್ಲರ್ ಹೇಳಿದ ಕಂಪನವ್ಯತ್ಯಾಸವನ್ನು 1845ರಲ್ಲಿ ಬಾಯ್ಸ್ ಬ್ಯಾಲೊಟ್ ಎಂಬ ಡಚ್ ವಿಜ್ಞಾನಿ ರೈಲುಗಾಡಿಯ ಮೇಲೆ ಕಹಳೆಯವರನ್ನು ನಿಲ್ಲಿಸಿ ಪರೀಕ್ಷಿಸಿದ್ದನೆಂಬುದು ಈ ಪ್ರಸಂಗದಲ್ಲಿ ಸ್ಮರಣೀಯ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ, ಯೂರೋಪಿನ ರೈಲ್ವೆಗಳ ರೇಡಿಯೋ ವ್ಯವಸ್ಥೆಯಾದ ಜಿಎಸ್‌ಎಮ್-ಆರ್ ಬಳಸುವ 900 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ ಆ ವ್ಯತ್ಯಾಸವು ಸುಮಾರು 250 ಹರ್ಟ್ಸ್. ಆ ವ್ಯವಸ್ಥೆಯ ಉತ್ತರಾಧಿಕಾರಿಗೆ ಗೊತ್ತುಮಾಡಿರುವ 1900 ಮೆಗಾಹರ್ಟ್ಸಿನಲ್ಲಿ 500ಕ್ಕೂ ಮಿಗಿಲು.

ಇಷ್ಟನ್ನೂ ಅನುಕರಿಸುವ ಯಂತ್ರಕ್ಕೆ ಚಾನೆಲ್ ಎಮ್ಯುಲೇಟರ್ ಎಂದು ಹೆಸರು. ಒಳಬಂದ ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸಿ, ಅದರ ಹಲವು ಪ್ರತಿಗಳನ್ನು ಮಾಡಿ, ಒಂದೊಂದಕ್ಕೂ ಸುರಂಗದ ಗಣಿತ ಮಾದರಿಯು ವಿಧಿಸಿದ ವಿಳಂಬವನ್ನೂ ಕ್ಷೀಣತೆಯನ್ನೂ ಕಂಪನವ್ಯತ್ಯಾಸವನ್ನೂ ಕೊಟ್ಟು, ಮತ್ತೆ ಕೂಡಿಸಿ ಅದು ಹೊರಬಿಡುತ್ತದೆ. ಇತ್ತ ಒಂದು ರೇಡಿಯೋ, ಅತ್ತ ಇನ್ನೊಂದು, ನಡುವೆ ಕಲ್ಲಿಲ್ಲದ ಸುರಂಗ. ನಿಜವಾದ ಸುರಂಗದಲ್ಲಿ ಸಂಪರ್ಕ ಕಡಿದ ಕ್ಷಣವು ಮತ್ತೊಮ್ಮೆ ಹಾಗೆಯೇ ದೊರೆಯದು, ಇಲ್ಲಿ ಅದನ್ನೇ ಬೇಕಾದಷ್ಟು ಸಲ ಮರುಕಳಿಸಬಹುದು. ಚಾಲಕರಹಿತ ಮೆಟ್ರೋ 1983ರಿಂದ ಓಡುತ್ತಿರುವ ಫ್ರಾನ್ಸಿನ ಲಿಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ಸುರಂಗ ತರಂಗಗಳ ಅಧ್ಯಯನವು ದಶಕಗಳಿಂದ ನಡೆದಿದೆ. ಐರೋಪ್ಯರ ಶಿಫ್ಟ್‌-ಟು-ರೈಲ್ ಕಾರ್ಯಕ್ರಮದಡಿಯಲ್ಲಿ ಎಮ್ಯುಲ್‌ರೇಡಿಯೋ-ಫಾರ್-ರೈಲ್ ಎಂಬ ಯೋಜನೆಯು ವೈ-ಫೈ, ಎಲ್‌ಟಿಇ, ಉಪಗ್ರಹ ಸಂಪರ್ಕಗಳಿಗೆ ಇಂಥ ಅನುಕರಣ ವೇದಿಕೆಯನ್ನು ಕಟ್ಟಲು ಹೊರಟಿತು. ಆದರೆ ಯಂತ್ರದ ಪ್ರಾಮಾಣ್ಯವೆಲ್ಲ ಅಳತೆಯ ಪ್ರಾಮಾಣ್ಯವೇ. ಗಾಡಿಯ ದೇಹವೇ ಸುರಂಗದ ಬಹುಭಾಗವನ್ನು ತುಂಬಿಬಿಡುತ್ತದೆ, ತಿರುವಿನಲ್ಲಿ ನಷ್ಟ ಹೆಚ್ಚುತ್ತದೆ. ನೇರವಾದ ಬರಿಯ ಸುರಂಗವನ್ನು ಅಳೆದು ಬರೆದ ಮಾದರಿ ಇವೆರಡನ್ನೂ ಅರಿಯದು.

ನಮ್ಮ ದೇಶದ ರೈಲ್ವೆಗೂ 2021ರಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ದೊರೆತಿದೆ. ಡಿಕ್ಕಿ ತಡೆಯುವ ಕವಚ್ ವ್ಯವಸ್ಥೆಯೂ ರೇಡಿಯೋವನ್ನೇ ನೆಚ್ಚಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕಿಳಿಯುವ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ. ಒಂದರಿಂದ ಹೊರಬಿದ್ದ ಗಾಡಿ ಸೇತುವೆ ದಾಟಿ ಮತ್ತೊಂದನ್ನು ಹೊಗುವಷ್ಟರಲ್ಲಿ ತರಂಗದ ಪಥವು ಪೂರ್ತಿಯಾಗಿ ಬದಲಾಗಿರುತ್ತದೆ. ಅಂಥ ದಾರಿಗೆ ಐರೋಪ್ಯ ಮಾದರಿಯನ್ನು ಎರವಲು ತಂದರೆ ಸಾಲದು, ಅಲ್ಲಿಯೇ ಇಳಿದು ಅಳೆಯಬೇಕಾದೀತು.