ಇಂಜಿನ್ ಆಯಿಲ್ ಎಲ್ಲಿಗೆ ಹೋಗುತ್ತೆ?

ಇವತ್ತಿನ ವಿಷಯ ಶುರುವಾಗಿದ್ದು ನನ್ನ ಕಾರಿನಿಂದಲೇ.

ಕಳೆದ ಚಳಿಗಾಲದಲ್ಲಿ, ಇಲ್ಲಿ ಮಿಷಿಗನ್‌ನಲ್ಲಿ, ಹೈವೇಯಿಂದ ಇಳಿಯುವ ತಿರುವಿನಲ್ಲಿ ಕೆಂಪು ಆಯಿಲ್ ದೀಪ ಒಂದು ಕ್ಷಣ ಹತ್ತಿ ಆರಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಪಕ್ಕಕ್ಕೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ತುದಿಯಲ್ಲೂ ಎಣ್ಣೆ ಇಲ್ಲ! ಆಯಿಲ್ ಬದಲಾಯಿಸಿ ಮೂರೇ ತಿಂಗಳಾಗಿತ್ತು. ಗ್ಯಾರೇಜಿನವರು "ಇಂಜಿನ್ ಸವೆದಿದೆ, ಹೊಸದು ಹಾಕಿಸಿ, 6,000 ಡಾಲರ್ ಆಗುತ್ತೆ" ಅಂದರು. ಆ ಹಳೇ ಕಾರಿನ ಬೆಲೆಯೇ ಅಷ್ಟಿರಲಿಲ್ಲ.

ಮೊದಲು ಆ ಕೆಂಪು ದೀಪದ ವಿಷಯ. ಅದು ಎಣ್ಣೆಯ ಮಟ್ಟ ತೋರಿಸಲ್ಲ, ಒತ್ತಡ ತೋರಿಸುತ್ತೆ. ಎಣ್ಣೆ ತುಂಬಾ ಕಡಿಮೆಯಾದಾಗ ತಿರುವಿನಲ್ಲಿ ಅದು ಒಂದು ಬದಿಗೆ ವಾಲಿ, ಪಂಪ್ ಎಣ್ಣೆಯ ಬದಲು ಗಾಳಿ ಎಳೆಯುತ್ತೆ. ಅಂದ್ರೆ ದೀಪ ಹತ್ತುವ ಹೊತ್ತಿಗೆ ಆಗಲೇ ತಡವಾಗಿದೆ. ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. "ಮನೆ ಹತ್ತಿರವೇ ಇದೆಯಲ್ಲ" ಅಂತ ಓಡಿಸಬೇಡಿ.

ಹಾಗಾದರೆ ಎಣ್ಣೆ ಎಲ್ಲಿಗೆ ಹೋಯ್ತು? ಸಾಮಾನ್ಯವಾಗಿ ಎರಡು ದಾರಿ: ಒಂದೋ ಹೊರಗೆ ಸೋರಬೇಕು, ಇಲ್ಲ ಒಳಗೆ ಉರಿಯಬೇಕು. ಸೋರಿದರೆ ಪಾರ್ಕಿಂಗ್ ಜಾಗದಲ್ಲಿ ಕಲೆ ಅಥವಾ ಇಂಜಿನ್ ಮೇಲೆ ಜಿಡ್ಡು ಕಾಣುತ್ತೆ. ನನ್ನ ಕಾರಿನಲ್ಲಿ ಎರಡೂ ಇರಲಿಲ್ಲ. ಅಂದ್ರೆ ಉರೀತಿತ್ತು.

ಉರಿಯೋದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಮೊದಲನೆಯದು ಪಿಸ್ಟನ್ ರಿಂಗ್. ಇಂಜಿನ್ 2,400 ಆರ್‌ಪಿಎಂನಲ್ಲಿ ಓಡುವಾಗ ಪ್ರತಿ ಪಿಸ್ಟನ್ ಸೆಕೆಂಡಿಗೆ 40 ಸಲ ಮೇಲೆ ಕೆಳಗೆ ಹೋಗಿ ಬರುತ್ತೆ. ಸಿಲಿಂಡರ್ ಗೋಡೆಗೆ ಎಣ್ಣೆ ಬೇಕು, ಆದರೆ ದೋಸೆ ಹಂಚಿಗೆ ಅರ್ಧ ಈರುಳ್ಳಿಯಿಂದ ಸವರಿದಷ್ಟು ಮಾತ್ರ. ಮೇಲಿನ ಎರಡು ರಿಂಗ್‌ಗಳ ಮುಖ್ಯ ಕೆಲಸ ಉರಿಯುವ ಅನಿಲವನ್ನು ತಡೆಯೋದು. ಮೂರನೆಯ ಆಯಿಲ್ ರಿಂಗ್ ಹೆಚ್ಚಾದ ಎಣ್ಣೆಯನ್ನು ಕೆರೆದು ಕೆಳಕ್ಕೆ ಕಳಿಸುತ್ತೆ. ಕರಿ ಕಟ್ಟಿ ಅದು ಅಂಟಿಕೊಂಡರೆ ಎಣ್ಣೆ ಗೋಡೆಯಲ್ಲೇ ಉಳಿದು ಪೆಟ್ರೋಲ್ ಜೊತೆ ಉರಿಯುತ್ತೆ.

ಎರಡನೆಯದು ವಾಲ್ವ್ ಸೀಲ್. ವಾಲ್ವಿನ ಕಾಂಡದ ಸುತ್ತ ಇರುವ ಪುಟ್ಟ ರಬ್ಬರ್ ಟೋಪಿ ಇದು. ವರ್ಷಗಟ್ಟಲೆ ಶಾಖಕ್ಕೆ ಗಟ್ಟಿಯಾದರೆ, ರಾತ್ರಿಯಿಡೀ ಎಣ್ಣೆ ಹನಿಹನಿಯಾಗಿ ಒಳಗಿಳಿಯುತ್ತೆ.

ಮೂರನೆಯದು ಪಿಸಿವಿ ವಾಲ್ವ್. ರಿಂಗ್ ದಾಟಿ ಕೆಳಗಿಳಿದ ಅನಿಲವನ್ನು ಇದು ಮತ್ತೆ ಇಂಜಿನ್ನಿಗೇ ಕಳಿಸುತ್ತೆ. ಮುಚ್ಚಿಕೊಂಡರೆ, ವಿಷಲ್ ಕಟ್ಟಿಕೊಂಡ ಕುಕ್ಕರ್ ಥರ ಒಳಗೆ ಒತ್ತಡ ಏರುತ್ತೆ, ಎಣ್ಣೆ ಸಂದುಗೊಂದುಗಳಿಂದ ಹೊರಬೀಳುತ್ತೆ. ತೆರೆದೇ ಉಳಿದರೆ ಅನಿಲದ ಜೊತೆ ಎಣ್ಣೆಯ ಮಂಜನ್ನೂ ಎಳೆದುಕೊಳ್ಳುತ್ತೆ.

ಯಾವುದು ಅಂತ ಪತ್ತೆ ಹೇಗೆ? ಹೊಗೆ ನೋಡಿ. ನೀಲಿ ಹೊಗೆ ಅಂದ್ರೆ ಎಣ್ಣೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬುಸ್ಸಂತ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಜೋರಾಗಿ ಓಡಿಸುವಾಗ ಬರ್ತಾನೇ ಇದ್ದರೆ ರಿಂಗ್ ಮೇಲೆ. ಹೊಗೆ ಕಾಣದಿದ್ದರೆ ಸಮಸ್ಯೆ ಇಲ್ಲ ಅಂತಲ್ಲ. ಸ್ವಲ್ಪ ಸ್ವಲ್ಪವೇ ಉರಿದರೆ ಕಣ್ಣಿಗೆ ಬೀಳಲ್ಲ.

ಕಂಪ್ರೆಷನ್ ಪರೀಕ್ಷೆಯೂ ಇದೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೀತಾರೆ. ಆಗ ಏರಿದರೆ ರಿಂಗ್ ಸವೆದಿದೆ. ಆದರೆ ಗಮನಿಸಿ: ಆಯಿಲ್ ರಿಂಗ್ ಮಾತ್ರ ಅಂಟಿಕೊಂಡಿದ್ದರೆ ಕಂಪ್ರೆಷನ್ ಸರಿಯಾಗೇ ಬರಬಹುದು.

ಎಲ್ಲಕ್ಕಿಂತ ಮುಖ್ಯ, ಅಳತೆ. ಸಮತಟ್ಟಾದ ಜಾಗದಲ್ಲಿ ಇಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು, ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿ, ಮೀಟರ್ ಬರೆದಿಡಿ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ನೋಡಿ. ಸಾವಿರ, ಸಾವಿರದ ಇನ್ನೂರು ಮೈಲಿಗೆ ಒಂದು ಕ್ವಾರ್ಟ್, ಅಂದ್ರೆ 0.95 ಲೀಟರ್, ಹೋದರೂ ಸಹಜ ಅನ್ನುವ ಕಾರು ಕಂಪನಿಗಳಿವೆ. ವಾರಂಟಿ ಇದ್ದರೆ ಈ ಲೆಕ್ಕ ಕೈಯಲ್ಲಿರಲಿ, ವಾದಕ್ಕೆ ಅದೇ ಬಲ.

ನನ್ನ ಲೆಕ್ಕ 800 ಮೈಲಿಗೆ ಒಂದು ಕ್ವಾರ್ಟ್. ಇಂಜಿನ್ ಬಿಚ್ಚುವ ಮೊದಲು ಅಗ್ಗದ್ದನ್ನು ನೋಡೋಣ ಅಂತ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದೆ. ನನ್ನ ಕಾರಿನದು ಚೆನ್ನಾಗಿದ್ದರೆ ಟಕಟಕ ಅನ್ನಬೇಕು. ಸದ್ದೇ ಇಲ್ಲ, ಒಳಗೆ ಕರಿ ಮೆತ್ತಿತ್ತು. 30 ಡಾಲರಿನ ಹೊಸದು ಹಾಕಿದ ಮೇಲೆ 2,500 ಮೈಲಿಗೆ ಒಂದು ಕ್ವಾರ್ಟ್. ಪೂರ್ತಿ ಗುಣವಾಗಿಲ್ಲ, ಹಳೇ ರಿಂಗ್ ಪಾಲು ಇದ್ದೇ ಇದೆ. ಆದರೆ 6,000 ಡಾಲರ್ ಉಳಿಯಿತು.

ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯಲ್ಲ. ವಾಲ್ವ್ ಸೀಲನ್ನು ಹಲವು ಇಂಜಿನ್‌ಗಳಲ್ಲಿ ಹೆಡ್ ಇಳಿಸದೇ ಬದಲಾಯಿಸಬಹುದು. ರಿಂಗ್‌ಗೆ ಇಂಜಿನ್ ಬಿಚ್ಚಲೇಬೇಕು. ದಪ್ಪ ಎಣ್ಣೆ ಹಾಕುವ ಮೊದಲು ಕಾರಿನ ಕೈಪಿಡಿ ಅದನ್ನು ಒಪ್ಪುತ್ತಾ ನೋಡಿ. ಎಣ್ಣೆ ತುಂಬ್ತಾ ಓಡಿಸಿದರೂ ಆಯ್ತು ಅಂತ ತೀರಾ ನಿಶ್ಚಿಂತೆಯೂ ಬೇಡ: ಎಣ್ಣೆಯಲ್ಲಿರುವ ರಂಜಕ ಕೆಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಹಾಳು ಮಾಡುತ್ತೆ.

ನೀವು ಮಸ್ಕತ್‌ನಲ್ಲಿರಿ, ಮೈಸೂರಲ್ಲಿರಿ, ಈ ವಾರ ಒಂದು ಸಲ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡಿ. ಎರಡು ನಿಮಿಷದ ಕೆಲಸ.