ಎರಡು ರಾಜಧಾನಿ, ಒಂದು ಪುಟ್ಟ ರೈಲು

ಹೋಳಿ ಹುಣ್ಣಿಮೆಯ ಐದನೇ ದಿನ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಮುಂದೆ ತೇರು ಎಳೆಯುತ್ತಾರೆ. ಜನ ತೂರಿದ ಬಾಳೆಹಣ್ಣು, ಉತ್ತತ್ತಿ ನಮ್ಮ ತಲೆ ಮೇಲೂ ಬೀಳುತ್ತವೆ. ಬೀದರ್ ಸೀಮೆಯ ಭಕ್ತರಿಗೆ ಬಹುಕಾಲ ಇಲ್ಲಿಗೆ ಬರಲು ರಸ್ತೆಯೊಂದೇ ಗತಿ. ರೈಲೇ ಬೇಕೆಂದು ಹಟ ಹಿಡಿದವರು ವಿಕಾರಾಬಾದ್, ವಾಡಿ ಎಂದು ಸುತ್ತಿ ಬರಬೇಕಿತ್ತು.

ಬಹಮನಿ ಸುಲ್ತಾನರು ಹದಿನೈದನೇ ಶತಮಾನದಲ್ಲೇ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ್ದರು. ಆ ಎರಡು ಊರುಗಳ ನಡುವೆ ಹಳಿ ಕೂಡಿದ್ದು 2017ರ ಅಕ್ಟೋಬರ್ 29ರಂದು. ದಾರಿ ಬರೀ 110 ಕಿ.ಮೀ.; ಕಾದದ್ದು ಸುಮಾರು ಇಪ್ಪತ್ತು ವರ್ಷ. 369 ಕೋಟಿ ರೂಪಾಯಿಯ ಅಂದಾಜು ಅಷ್ಟರಲ್ಲಿ 1,500 ಕೋಟಿ ದಾಟಿತ್ತು.

ಈ ಹಳಿಯ ಮೇಲೆ ಓಡುವ ಡೆಮು ರೈಲಿಗೆ ಗತ್ತಿಲ್ಲ. ಬೀದರಿನ ಜಂಬಿಟ್ಟಿಗೆಯ ಕೆಂಪು ನೆಲ ಬಿಟ್ಟು ಹೊರಟರೆ ಹುಮನಾಬಾದ್. ಮಾಣಿಕಪ್ರಭುವಿನ ಸನ್ನಿಧಿಗೆ ಹೋಗುವವರು ಅಲ್ಲಿ ಇಳಿಯುತ್ತಾರೆ. ಮುಂದೆ ಗುಡ್ಡ. ಮರಗುತ್ತಿಯ ಬಳಿ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ. ಡಬ್ಬಿ ಗಕ್ಕನೆ ಕತ್ತಲಾಗುತ್ತದೆ, ಮಾತು ನಿಲ್ಲುತ್ತದೆ, ಮಕ್ಕಳು ಮಾತ್ರ ‘ಹೋ’ ಎಂದು ಕೂಗುತ್ತಾರೆ. ಬೆಳಕು ಬಿದ್ದಾಗ ಯಾರೋ ಅಜ್ಜಿ ಗಂಟು ತಡಕುತ್ತ ಕೇಳುತ್ತಾಳೆ: ‘ಕಮಲಾಪುರ ಬಂತೇನಪ್ಪಾ?’

ಕಮಲಾಪುರ ಎಂದರೆ ಕೆಂಪು ಬಾಳೆ. ಭೌಗೋಳಿಕ ಸೂಚಿ ಪಡೆದ ತಳಿ. ಹಣ್ಣಾಗಲು ಸುಮಾರು ಹದಿನೆಂಟು ತಿಂಗಳು ಬೇಕು, ಹಾಗಾಗಿ ಬೆಲೆಯೂ ಬಿಗಿ. ಇಷ್ಟಿದ್ದೂ ಈ ದಾರಿಯನ್ನು ಪ್ರವಾಸದ ದಾರಿಯೆಂದು ನಾವು ಹೇಳಿಕೊಂಡದ್ದೇ ಕಡಿಮೆ. ಜಪಾನಿನ ವಾಕಾಯಾಮಾದ ಕಿಶಿ ಎಂಬ ಪುಟ್ಟ ನಿಲ್ದಾಣ ನೋಡಿ. ಮುಚ್ಚಿಹೋಗುವಂತಿದ್ದ ಹಳ್ಳಿ ರೈಲು ದಾರಿಯ ಕೊನೆಯ ನಿಲ್ದಾಣ ಅದು. 2007ರಲ್ಲಿ ತಾಮಾ ಎಂಬ ಬೆಕ್ಕಿಗೆ ಟೋಪಿ ತೊಡಿಸಿ ಸ್ಟೇಷನ್ ಮಾಸ್ತರನ್ನಾಗಿ ಮಾಡಿದರು. ಅದನ್ನು ನೋಡಲೆಂದೇ ಜನ ರೈಲು ಹತ್ತಿದರು. ಕಮಲಾಪುರಕ್ಕೆ ಬೆಕ್ಕು ಬೇಡ, ಪ್ಲಾಟ್‌ಫಾರ್ಮಿನಲ್ಲಿ ಒಂದು ಕೆಂಪು ಗೊನೆ ತೂಗುಹಾಕಿದರೂ ನಡೆದೀತು.

ಅಲ್ಲಿಂದಾಚೆ ಎರೆಹೊಲ, ತೊಗರಿ, ತಾಜ್ ಸುಲ್ತಾನಪುರ. ಬುತ್ತಿ ಕಟ್ಟಿಕೊಂಡೇ ಹತ್ತಿ. ಈ ರೈಲಿನಲ್ಲಿ ಅಡುಗೆ ಡಬ್ಬಿ ಇಲ್ಲ. ಕಲಬುರಗಿ ಮುಟ್ಟಿದ ಮೇಲೆ ಆ ಚಿಂತೆ ಇಲ್ಲ, ಶರಣಬಸವೇಶ್ವರ ಅಪ್ಪನ ಗುಡಿಯಲ್ಲಿ ದಾಸೋಹ ಇದೆ.